ಎಳ್ಳ ಅಮಾಸಿಯ ಹಲಗೆ

ಡಿಸೆಂಬರ್ ಕೊನೆಯ ವಾರ ಹೈದರಾಬಾದಿನ ನಾರಾಯಣಗೂಡದ ನಮ್ಮ ಮನೆಗೆ ಜನ ಬರುತ್ತಾರೆ. ಕಲಬುರಗಿಯಿಂದ ಅಣ್ಣನ ಮನೆಯವರು, ಬೀದರದಿಂದ ಸೋದರಮಾವ, ಕ್ರಿಸ್‌ಮಸ್ ರಜೆಗೆ ಪರದೇಶದಿಂದ ಇಳಿದ ಮಕ್ಕಳು, ಆ ಮಕ್ಕಳ ಗೆಳೆಯರು. ಎಲ್ಲರೂ ಒಂದೇ ಹೊತ್ತಿಗೆ ಬರುವುದಿಲ್ಲ. ಬೀದರದ ಬಸ್ಸು ಹನ್ನೊಂದಕ್ಕೆ ಮುಟ್ಟಿದರೆ, ಸಂಜೆ ನಾಲ್ಕಕ್ಕೆ ಇನ್ನೊಬ್ಬರು ಮೆಟ್ರೋ ಇಳಿದು ನಡೆದು ಬರುತ್ತಾರೆ. ಬಂದವರಿಗೆಲ್ಲ ಬಿಸಿ ರೊಟ್ಟಿ ಬಡಿಯುತ್ತ ನಿಂತರೆ ಅವರ ಜೊತೆ ಕೂತು ಮಾತಾಡುವುದು ಯಾವಾಗ? ಈ ಪ್ರಶ್ನೆಗೆ ಉತ್ತರವಾಗಿ ಕೆಲವು ವರ್ಷಗಳಿಂದ ನಾನು ಒಂದು ಹಲಗೆ ಜೋಡಿಸುತ್ತ ಬಂದಿದ್ದೇನೆ. ಮಕ್ಕಳು ಅದನ್ನು ಶಾರ್ಕುಟರಿ ಬೋರ್ಡ್ ಎನ್ನುತ್ತಾರೆ. ನಾನು ಎಳ್ಳ ಅಮಾಸಿಯ ಹಲಗೆ ಎನ್ನುತ್ತೇನೆ.

ಶಾರ್ಕುಟರಿ ಎಂಬ ಫ್ರೆಂಚ್ ಮಾತಿನ ಬೇರು ‘ಬೇಯಿಸಿದ ಮಾಂಸ’. ಹಂದಿ ಮಾಂಸವನ್ನು ಬೇಯಿಸಿ, ಉಪ್ಪು ಹಚ್ಚಿ, ಹೊಗೆ ಕೊಟ್ಟು ಮಾರುವವರ ಸಂಘಗಳು ಫ್ರಾನ್ಸಿನಲ್ಲಿ 15ನೇ ಶತಮಾನದಷ್ಟು ಹಿಂದೆಯೇ ಇದ್ದವು. ಇಂದು ಮರದ ಹಲಗೆಯ ಮೇಲೆ ತೆಳುವಾಗಿ ಕೊಯ್ದ ಆ ಮಾಂಸ, ಚೀಸು, ಒಣ ಹಣ್ಣು, ಉಪ್ಪಿನಕಾಯಿ, ಗರಿಗರಿ ಬಿಸ್ಕತ್ತು ಹರಡಿ ಅತಿಥಿಗಳ ನಡುವೆ ಇಡುತ್ತಾರೆ. ಮಗಳು ಮೊದಲ ಸಲ ಅದರ ಫೋಟೋ ತೋರಿಸಿದಾಗ ನನ್ನ ಕಣ್ಣು ಹೋದದ್ದು ಮಾಂಸದ ಕಡೆಗಲ್ಲ. ಅದರ ಮೇಲಿರುವ ಒಂದು ಪದಾರ್ಥವೂ ಆ ದಿನ ಮಾಡಿದ್ದಲ್ಲ, ಎಲ್ಲವೂ ವಾರಗಟ್ಟಲೆ, ತಿಂಗಳುಗಟ್ಟಲೆ ಮೊದಲೇ ಕೆಡದಂತೆ ಮಾಡಿಟ್ಟದ್ದು, ತಣ್ಣಗೇ ತಿನ್ನುವಂಥದ್ದು. ಇದು ನಮ್ಮ ಬುತ್ತಿಯಲ್ಲವೇ?

ಕಲಬುರಗಿ, ಬೀದರದ ನಮ್ಮ ಕಡೆ ಮಾರ್ಗಶಿರದ ಕೊನೆಯ ದಿನ, ಎಳ್ಳ ಅಮಾವಾಸ್ಯೆಗೆ, ಇಡೀ ಊರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. 2024ರಲ್ಲಿ ಅದು ಡಿಸೆಂಬರ್ 30ಕ್ಕೆ ಬಿತ್ತು, 2025ರಲ್ಲಿ 19ಕ್ಕೆ. ಬಿಳಿಜೋಳ ಆಳೆತ್ತರ ನಿಂತಿರುತ್ತದೆ, ಕಡಲೆ ಹಸಿಯಾಗಿರುತ್ತದೆ, ತೊಗರಿ ಕಾಯಿ ತುಂಬಿರುತ್ತದೆ. ಹೊಲದ ಸುತ್ತ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ಆಮೇಲೆ ಬದುವಿನ ಮೇಲೆ ಕೂತು ತಿನ್ನುವುದು ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಭಜ್ಜಿ ಪಲ್ಯ, ಹಿಂಡಿ, ಶೇಂಗಾ ಹೋಳಿಗೆ. ಲಾತೂರಿನ ಕಡೆಯ ಮರಾಠಿಗರೂ ಇದೇ ದಿನ ಇದೇ ಭಜ್ಜಿ ಮಾಡಿಕೊಂಡು ಹೊಲಕ್ಕೆ ಹೋಗುತ್ತಾರೆ. ಅವರು ಹಬ್ಬಕ್ಕೆ ಯೆಳವಸ ಎನ್ನುತ್ತಾರೆ, ನಮ್ಮ ಮಾತೇ ಅವರ ಬಾಯಲ್ಲಿ ಹಾಗಾಗಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಕಲಬುರಗಿ, ಬೀದರ, ರಾಯಚೂರು ಮೈಸೂರಿಗೆ ಸೇರಿದವು. ಓದಿಗೆಂದು, ನೌಕರಿಗೆಂದು ಇಲ್ಲಿಗೆ ಬಂದಿದ್ದ ನಮ್ಮ ಹಿರಿಯರು ಕಾಚಿಗೂಡ, ನಾರಾಯಣಗೂಡ, ಬರ್ಕತ್‌ಪುರಗಳಲ್ಲಿ ಉಳಿದುಬಿಟ್ಟರು. ಮಕ್ಕಳಿಗೆ ಕಾಚಿಗೂಡದ ನೃಪತುಂಗ ಶಾಲೆ ಇತ್ತು, ದೊಡ್ಡವರಿಗೆ ಕರ್ನಾಟಕ ಸಾಹಿತ್ಯ ಮಂದಿರ ಇತ್ತು, ಸಂಜೆ ಗಾಳಿಗೆ ಮೇಲುಕೋಟೆ ಪಾರ್ಕು ಇತ್ತು. ಹೊಲ ಮಾತ್ರ ಇರಲಿಲ್ಲ. ಹಾಗಾಗಿ ಎರಡಡಿ ಉದ್ದ, ಒಂದಡಿ ಅಗಲದ ತೇಗದ ಹಲಗೆಯೇ ನನಗೆ ಹೊಲ.

ಹಲಗೆಯ ಬೆನ್ನೆಲುಬು ರೊಟ್ಟಿ. ಖಡಕ್ ರೊಟ್ಟಿ ಮುರಿದರೆ ಸದ್ದಾಗಬೇಕು, ಹಪ್ಪಳದ ಹಾಗೆ ಪುಡಿಯಾಗಬಾರದು, ಅಂಗೈ ಅಗಲದ ತುಂಡು ಹಿಂಡಿಯ ಭಾರ ಹೊರಬೇಕು. ಜೋಳದಲ್ಲಿ ಗೋಧಿಯ ಅಂಟು ಇಲ್ಲ. ಆದ್ದರಿಂದ ಹಿಟ್ಟಿಗೆ ಕುದಿಯುವ ಎಸರು ಹೊಯ್ದು ಜಿಗಿ ಬರಿಸಬೇಕು. ಹಳೆ ಹಿಟ್ಟಿಗೆ ಎಷ್ಟು ಎಸರು ಹೊಯ್ದರೂ ಅಂಚು ಸೀಳುತ್ತದೆ. ನಾನು ಮಾಲದಂಡಿ ಜೋಳ ತರಿಸಿ ಗಿರಣಿಯಲ್ಲಿ ಬೀಸಿಸಿಕೊಂಡು ಎರಡು ದಿನದೊಳಗೆ ಬಡಿದು ಮುಗಿಸುತ್ತೇನೆ. ಬಡಿಯಲು ಬಾರದವರು ಚಿಂತೆ ಮಾಡಬೇಕಿಲ್ಲ. ಸಂಜೆಯಾದರೆ ಹೈದರಾಬಾದಿನ ರಸ್ತೆ ಬದಿಗಳಲ್ಲಿ ಹೆಣ್ಣುಮಕ್ಕಳು ಒಲೆ ಹೂಡಿ ಜೊನ್ನ ರೊಟ್ಟೆ ಸುಡುತ್ತಾರೆ. ಮೆತ್ತಗಿನ ಆ ರೊಟ್ಟಿಯನ್ನು ತಂದು ಮನೆಯ ಹಂಚಿನ ಮೇಲೆ ಸಣ್ಣ ಉರಿಯಲ್ಲಿ, ಬಟ್ಟೆಯಿಂದ ಒತ್ತುತ್ತ ನೀರಿನಂಶ ಹೋಗುವ ತನಕ ಕಾಯಿಸಿದರೆ ಖಡಕ್ ಆಗುತ್ತದೆ. ಚಳಿಗಾಲದ ಇಲ್ಲಿಯ ಒಣ ಹವೆಯಲ್ಲಿ, ಬಿದಿರ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಟ್ಟರೆ ವಾರಗಟ್ಟಲೆ ಹಾಗೇ ಇರುತ್ತದೆ. ಸಜ್ಜೆಯ ಕಥೆ ಬೇರೆ. ಸಜ್ಜೆಯಲ್ಲಿ ಕೊಬ್ಬಿನಂಶ ಹೆಚ್ಚು, ಬೀಸಿದ ಕೆಲವೇ ದಿನಕ್ಕೆ ಹಿಟ್ಟು ಕಹಿಯಾಗುತ್ತದೆ. ಆದ್ದರಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಅತಿಥಿಗಳು ಬರುವ ಮೂರು ದಿನ ಮೊದಲಷ್ಟೇ ಮಾಡಿ.

ಇನ್ನು ಹಿಂಡಿ. ಈ ಹಲಗೆಯ ಒಡೆಯ ಹಿಂಡಿಯೇ. ಅಂಗಡಿಯಲ್ಲಿ ಸಿಗುವ ಚಟ್ನಿಪುಡಿಗೂ ಒಳ್ಳಿನಲ್ಲಿ ಕುಟ್ಟಿದ ಶೇಂಗಾ ಹಿಂಡಿಗೂ ಇರುವ ಅಂತರ ನಾಲಿಗೆಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಮಿಕ್ಸರ್ ಶೇಂಗಾವನ್ನು ಕೊಯ್ದು ಪುಡಿ ಮಾಡುತ್ತದೆ. ಒಳ್ಳು ಅದನ್ನು ಜಜ್ಜುತ್ತದೆ, ಎಣ್ಣೆ ಬಿಡಿಸುತ್ತದೆ, ಬಿಟ್ಟ ಎಣ್ಣೆಯಲ್ಲಿ ಬಳ್ಳೊಳ್ಳಿ, ಜೀರಿಗೆ, ಖಾರ ಒಂದಾಗುತ್ತವೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳು ತಾಕಿಸಿದರೆ ಬಿಚ್ಚಿಕೊಳ್ಳಬೇಕು. ಅಷ್ಟು ಕುಟ್ಟಲು ಅರ್ಧ ಕಿಲೋ ಶೇಂಗಾಕ್ಕೆ ನನಗೆ ಮುಕ್ಕಾಲು ಗಂಟೆ ಬೇಕು. ಗುರೆಳ್ಳು ಹಿಂಡಿ ಕಪ್ಪಗೆ, ಹೊಗೆಯ ವಾಸನೆಯದ್ದು, ಮಾಂಸ ತಿನ್ನದವರ ಬಾಯಿಗೆ ಮಾಂಸದಷ್ಟೇ ಗಾಢ. ಇಲ್ಲಿಯ ಕಿರಾಣಿಯಲ್ಲಿ ಗುರೆಳ್ಳು ಎಂದರೆ ತಿಳಿಯುವುದಿಲ್ಲ, ವೆರ್ರಿ ನುವ್ವುಲು ಎಂದು ಕೇಳಿ. ಮೂರನೆಯ ಹಿಂಡಿಯ ಅಗಸಿಗೆ ಅವಿಸೆ ಗಿಂಜಲು ಎನ್ನಿ. 

ಮೂರು ಹಿಂಡಿಗೂ ಒಂದೇ ದಿನ ಕೈ ಹಾಕಬೇಡಿ. ಅಗಸಿಯ ಎಣ್ಣೆ ಗಾಳಿ ತಾಕಿದರೆ ಬೇಗ ಕಮಟುತ್ತದೆ, ಅದನ್ನು ಎರಡೇ ದಿನ ಮೊದಲು ಕುಟ್ಟಿ. ಶೇಂಗಾ ಐದು ದಿನ ಮೊದಲಾದರೂ ತಡೆಯುತ್ತದೆ, ಗುರೆಳ್ಳು ಹತ್ತು ದಿನ ಮೊದಲಾದರೂ ಸರಿ. ಎಲ್ಲಕ್ಕಿಂತ ಮೊದಲು, ಮೂರು ವಾರ ಮುಂಚೆಯೇ, ಆಗಬೇಕಾದದ್ದು ಕೆಂಪು ಖಾರ. ಈ ಹೊತ್ತಿಗೆ ಚಿಕ್ಕಡಪಲ್ಲಿ ಮಾರುಕಟ್ಟೆಗೆ ಪಂಡು ಮಿರಪಕಾಯಿ, ಅಂದರೆ ಗಿಡದಲ್ಲೇ ಹಣ್ಣಾದ ಹಸಿ ಕೆಂಪು ಮೆಣಸಿನಕಾಯಿ, ಬರುತ್ತದೆ. ತೊಳೆದು, ನೆರಳಲ್ಲಿ ಒಂದು ಹನಿ ನೀರಿಲ್ಲದಂತೆ ಆರಿಸಿ, ಉಪ್ಪು, ಹುಣಸೆ, ಬಳ್ಳೊಳ್ಳಿ, ಹುರಿದ ಮೆಂತ್ಯ, ಸ್ವಲ್ಪ ಬೆಲ್ಲ ಹಾಕಿ ರುಬ್ಬಿ ಜಾಡಿಗೆ ತುಂಬಬೇಕು. ಇಲ್ಲಿಯ ಮೆಣಸಿನಕಾಯಿಗೆ ಖಾರ ಜಾಸ್ತಿ. ಬ್ಯಾಡಗಿ ಒಂದು ಹಿಡಿ ಸೇರಿಸಿದರೆ ಬಣ್ಣ ಏರುತ್ತದೆ, ಉರಿ ತಗ್ಗುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿಯ ಹೆಗ್ಗಳಿಕೆಯೇ ಅದು, ಬಣ್ಣ ಹೆಚ್ಚು, ಖಾರ ಕಡಿಮೆ. ಮೂರು ವಾರ ಕಳೆದ ಮೇಲೆ ಮೆಣಸಿನಕಾಯಿಯ ಹಸಿ ವಾಸನೆ ಹೋಗಿ ಹಣ್ಣಿನ ಹುಳಿ ಬಂದಿರುತ್ತದೆ. ಫ್ರಾನ್ಸಿನವರು ಉಪ್ಪು ಹಚ್ಚಿದ ತೊಡೆಯ ಮಾಂಸವನ್ನು ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ತೂಗುಬಿಟ್ಟು ಕಾಯುವುದು ಇಂಥದ್ದೇ ಒಂದು ಮಾಗುವಿಕೆಗಾಗಿ.

ಹಸಿ ತರಕಾರಿ ಇಲ್ಲದ ಹಲಗೆ ನನಗೆ ಒಪ್ಪುವುದಿಲ್ಲ. ನಮ್ಮ ಖಾನಾವಳಿಗಳ ತಟ್ಟೆಯ ಅಂಚಿಗೆ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ, ಮೂಲಂಗಿ ಕೇಳದೆಯೇ ಬರುತ್ತವಲ್ಲ, ಆ ಪದ್ಧತಿಯನ್ನು ಹಾಗೇ ಎತ್ತಿಕೊಳ್ಳಿ. ಹಕ್ಕರಕಿ ಸೊಪ್ಪು ಮಾತ್ರ ಇಲ್ಲಿ ಸಿಗುವುದು ಕಷ್ಟ. ಬೀದರದ ಬಸ್ಸಿನಲ್ಲಿ ಮಾವನ ಚೀಲದೊಳಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬರುತ್ತದೆ. ಬಾಗಿಲಲ್ಲೇ ಚೀಲ ಕೊಟ್ಟು, “ತೊಗೊ ಯವ್ವ, ಮದ್ಲು ಇದಕ್ಕ ನೀರು ಚಿಮುಕಸು, ನನಗ ಆಮ್ಯಾಲ ಕೊಡು” ಎನ್ನುತ್ತಾರೆ. ಅದೇ ಚೀಲದ ತಳದಲ್ಲಿ ಹಸಿ ತೊಗರಿ ಕಾಯಿ, ಹಸಿ ಕಡಲೆಯ ಸುಲಗಾಯಿ. ಇವನ್ನು ಸುಲಿಯದೆ ಸಿಪ್ಪೆ ಸಮೇತ ಹಲಗೆಯ ಮೂಲೆಗೆ ರಾಶಿ ಹಾಕಿ. ಮಾತಾಡುತ್ತ ಕಾಯಿ ಸುಲಿಯುವ ಕೈ ಮೊಬೈಲಿನ ಕಡೆ ಹೋಗುವುದಿಲ್ಲ.

ಜೋಡಣೆಯಲ್ಲಿ ನಾನು ಕಲಿತದ್ದು ಕೆಡಿಸಿಕೊಂಡೇ. ಮೊದಲ ವರ್ಷ ಚಂದ ಕಾಣಲೆಂದು ಸೌತೆಕಾಯಿ ಹೋಳುಗಳನ್ನು ರೊಟ್ಟಿಗೆ ಒರಗಿಸಿ ಇಟ್ಟೆ. ಅರ್ಧ ಗಂಟೆಯಲ್ಲಿ ರೊಟ್ಟಿ ತೊಗಲಿನಂತಾಯಿತು, ಹದಿನೈದು ರೊಟ್ಟಿಗಳ ಮೇಲೆ ಸುರಿದ ಶ್ರಮ ನೀರಾಯಿತು. ಅಂದಿನಿಂದ ಹಲಗೆಗೆ ಒಣ ದಂಡೆ, ಹಸಿ ದಂಡೆ ಎಂದು ಎರಡು ಭಾಗ. ಒಣ ದಂಡೆಗೆ ರೊಟ್ಟಿ, ಕರಿದ ಮಜ್ಜಿಗೆ ಮೆಣಸಿನಕಾಯಿ, ಸಂಡಿಗೆ, ಸಕಿನಾಲು. ಹಸಿ ದಂಡೆಗೆ ತರಕಾರಿ, ಕೆನೆಮೊಸರಿನ ಬಟ್ಟಲು, ತಣ್ಣಗಾದ ಭಜ್ಜಿ. ನಡುವೆ ಗಡಿಯಾಗಿ ಮೂರು ಹಿಂಡಿಗಳ ಗುಡ್ಡೆ, ತಲೆಯಲ್ಲಿ ಒಂದೊಂದು ಕುಳಿ ಮಾಡಿ ಗಾಣದ ಶೇಂಗಾ ಎಣ್ಣೆ ಬಿಟ್ಟು. ಹತ್ತು ಜನಕ್ಕೆ ಖಡಕ್ ರೊಟ್ಟಿ ಹದಿನೈದು, ಸಜ್ಜೆ ರೊಟ್ಟಿ ಹತ್ತು, ಒಂದೊಂದು ಹಿಂಡಿ 100 ಗ್ರಾಂ, ಬೆಣ್ಣೆ ಕಾಲು ಕಿಲೋ ಸಾಕು. ಬೆಣ್ಣೆ ಕೊನೆಗೆ ಬರಲಿ, ಅದೂ ಮಡಕೆಯ ತಣ್ಣೀರಿನಿಂದ ಎತ್ತಿದ ಉಂಡೆಯಾಗಿ.

ಚಕ್ಕುಲಿಯ ಬದಲು ಸಕಿನಾಲು ಯಾಕೆ ಎಂದು ಅಣ್ಣ ಪ್ರತಿ ವರ್ಷ ಕೇಳುತ್ತಾನೆ. ಚಕ್ಕುಲಿಗೆ ತನ್ನದೇ ಖಾರ, ತನ್ನದೇ ಮಸಾಲೆ. ಅದು ಹಿಂಡಿಯ ಜೊತೆ ಜಗಳಕ್ಕೆ ನಿಲ್ಲುತ್ತದೆ. ತೆಲಂಗಾಣದವರು ಸಂಕ್ರಾಂತಿಗೆ ಬಟ್ಟೆಯ ಮೇಲೆ ಕೈಯಿಂದಲೇ ಸುತ್ತುವ ಸಕಿನಾಲಿನಲ್ಲಿ ಅಕ್ಕಿ, ಎಳ್ಳು, ಓಂಕಾಳು, ಉಪ್ಪು ಇಷ್ಟೇ. ಎಳ್ಳ ಹಬ್ಬದ ಹಲಗೆಗೆ ಅದಕ್ಕಿಂತ ಒಳ್ಳೆಯ ಜೊತೆ ಸಿಗದು.

ಈ ಊರಿನ ಇನ್ನೆರಡು ಪದಾರ್ಥಗಳಿಗೂ ಹಲಗೆಯ ಮೇಲೆ ಜಾಗ ಉಂಟು. ಒಂದು ಉಸ್ಮಾನಿಯಾ ಬಿಸ್ಕತ್ತು. ಅದು ಹೆಸರು ಹೊತ್ತಿರುವ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1967ರಲ್ಲಿ ತೀರಿಕೊಳ್ಳುವ ತನಕ ಇದ್ದದ್ದು ನಮ್ಮ ಪಕ್ಕದ ಕಿಂಗ್ ಕೋಠಿಯಲ್ಲೇ. ಉಪ್ಪು ಸಿಹಿ ಎರಡೂ ಇರುವ ಆ ಬಿಸ್ಕತ್ತಿಗೆ ಬೆಣ್ಣೆ ಸವರಿ ಒಂದು ಚಿಟಿಕೆ ಅಗಸಿ ಹಿಂಡಿ ಉದುರಿಸಿ ಕೊಡಿ. ಚಹಾದಲ್ಲಿ ಅದ್ದಿ ತಿನ್ನುವುದನ್ನಷ್ಟೇ ಬಲ್ಲ ಹೈದರಾಬಾದಿಗಳು ಎರಡನೆಯದಕ್ಕೆ ಕೈ ಚಾಚುವುದನ್ನು ನಾನು ನೋಡಿದ್ದೇನೆ. ಇನ್ನೊಂದು ಬೇಗಂ ಬಜಾರಿನಿಂದ ತಂದ ಖುಬಾನಿ, ಬೀಜ ಸಮೇತ ಒಣಗಿಸಿದ್ದು. ಪಕ್ಕಕ್ಕೆ ಒಂದು ಪುಟ್ಟ ಕುಟ್ಟುವ ಕಲ್ಲು ಇಡಿ. ಹಣ್ಣು ತಿಂದು, ಬೀಜ ಒಡೆದು, ಒಳಗಿನ ಬಾದಾಮಿಯಂಥ ತಿರುಳು ತೆಗೆಯುವ ಕೆಲಸಕ್ಕೆ ಮಕ್ಕಳು ಸಾಲು ನಿಲ್ಲುತ್ತಾರೆ. ಸಿಹಿಗೆ ಇದರ ಜೊತೆ ಬೆರಳಗಲ ಕೊಯ್ದ ಗೋಕಾಕ ಕರದಂಟು, ಶೇಂಗಾ ಹೋಳಿಗೆಯ ಕಾಲು ಭಾಗಗಳು. ಅಲ್ಲಿಗೆ ಸಾಕು.

ಮಾಂಸ ತಿನ್ನುವ ಅತಿಥಿಗಳಿಗೆ ಬೇರೆಯೇ ಒಂದು ಚಿಕ್ಕ ಹಲಗೆ, ಬೇರೆ ಚಾಕು, ಬೇರೆ ಚಮಚ, ಬೇರೆ ಮೇಜು. ಒಂದೇ ಹಲಗೆಯಲ್ಲಿ ಎರಡನ್ನೂ ಇಟ್ಟರೆ ನಮ್ಮ ಕಡೆಯ ಹಿರಿಯರು ಏನೂ ಅನ್ನುವುದಿಲ್ಲ, ಸುಮ್ಮನೆ ಕೈ ಹಿಂದೆಗೆಯುತ್ತಾರೆ. ಆ ಮೌನಕ್ಕೆ ಎಡೆ ಕೊಡಬಾರದು. ಅಲ್ಲಿಗೆ ಸಲಾಮಿ ಹುಡುಕಿಕೊಂಡು ಹೋಗುವ ಅಗತ್ಯ ನನಗೆ ಕಂಡಿಲ್ಲ. ಬಕ್ರೀದ್ ಮುಗಿದ ಮೇಲೆ ಉಪ್ಪು ಅರಿಸಿನ ಹಚ್ಚಿ ಬಿಸಿಲಲ್ಲಿ ಒಣಗಿಸಿಡುವ ಮಾಂಸ ಈ ಊರಿನದ್ದೇ, ಎಣ್ಣೆಯಲ್ಲಿ ಹುರಿದರೆ ಜೋಳದ ರೊಟ್ಟಿಗೆ ಅದಕ್ಕಿಂತ ಚೆನ್ನಾಗಿ ಹೊಂದುವುದು ಇನ್ನೊಂದಿಲ್ಲ. ನಿಂಬೆಹುಳಿ ಹಿಂಡಿದ ಮಟನ್ ಉಪ್ಪಿನಕಾಯಿಯೂ ಇದೆ. ಕೊಡಗಿನ ಗೆಳೆಯರಿದ್ದರೆ ಒಲೆಯ ಮೇಲಿನ ಹೊಗೆಯಲ್ಲಿ ಒಣಗಿದ ಮಾಂಸ ತರಲು ಹೇಳಿ.

ಪಾತ್ರೆಯ ವಿಷಯ ಒಂದು ಮಾತು. ಬೀದರದ ಮಾವ ಕೊಟ್ಟ ಬಿದ್ರಿ ತಟ್ಟೆ ನಮ್ಮ ಮನೆಯಲ್ಲಿದೆ, ಕಪ್ಪು ಲೋಹದಲ್ಲಿ ಬೆಳ್ಳಿಯ ಬಳ್ಳಿ. ಆಸೆ ಎಷ್ಟೇ ಆದರೂ ಅದರ ಮೇಲೆ ತಿನಿಸು ಇಡಬೇಡಿ. ಬಿದ್ರಿಯಲ್ಲಿ ಹೆಚ್ಚಿನ ಪಾಲು ಸತು, ಹುಳಿ ತಾಕಿದರೆ ಬಿಡುತ್ತದೆ. ನಾನು ಅದರಲ್ಲಿ ವೀಳ್ಯದೆಲೆ ಅಡಿಕೆ ಇಟ್ಟು ಬಾಗಿಲ ಬಳಿ ಇರಿಸುತ್ತೇನೆ. ಕಲಾಯಿ ಇಲ್ಲದ ಹಿತ್ತಾಳೆಗೂ ಕೆಂಪು ಖಾರ, ಮೊಸರು ಹಾಕಬಾರದು. ಗಾಜು, ಪಿಂಗಾಣಿ, ಕಲ್ಲಿನ ಬಟ್ಟಲು ಒಳ್ಳೆಯವು. ತೇಗದ ಹಲಗೆಗೆ ವರ್ಷಕ್ಕೊಮ್ಮೆ ಅಗಸಿ ಎಣ್ಣೆ ತೆಳುವಾಗಿ ಸವರಿ ವಾರ ಆರಿಸಿ. ಅಗಸಿ ಎಣ್ಣೆ ಗಾಳಿಗೆ ಗಟ್ಟಿಯಾಗಿ ಪದರ ಕಟ್ಟುತ್ತದೆ. ಶೇಂಗಾ ಎಣ್ಣೆ ಹಾಗಾಗದು, ಅಂಟಾಗಿ ಉಳಿದು ಕಮಟುತ್ತದೆ.

ರಾತ್ರಿ ಎಂಟಕ್ಕೆ ಹಲಗೆಯ ಮೇಲೆ ಉಳಿಯುವುದು ರೊಟ್ಟಿಯ ಚೂರು, ತೊಗರಿ ಸಿಪ್ಪೆ, ಖುಬಾನಿ ಬೀಜದ ಚಿಪ್ಪು. ಚೂರುಗಳಿಗೆ ಮಜ್ಜಿಗೆ ಚಿಮುಕಿಸಿ, ಸಾಸಿವೆ ಕರಿಬೇವು ಒಗ್ಗರಣೆ ಕೊಟ್ಟರೆ ಮಾರನೆಯ ಮುಂಜಾನೆಯ ನಾಷ್ಟಾ. ಜಾಡಿಯಲ್ಲಿ ಮಿಕ್ಕ ಕೆಂಪು ಖಾರ ಡಬ್ಬಿಗಳಲ್ಲಿ ಹಂಚಿಹೋಗುತ್ತದೆ, ಒಂದು ಕಲಬುರಗಿಗೆ, ಒಂದು ವಿಮಾನದಲ್ಲಿ. ಹಕ್ಕರಕಿ ತಂದ ಚೀಲವನ್ನು ಬರಿದಾಗಿ ಕಳಿಸುವಂತಿಲ್ಲ, ಅದರಲ್ಲಿ ಎರಡು ಪೊಟ್ಟಣ ಉಸ್ಮಾನಿಯಾ. ಉಪ್ಪು, ನಿಂಬೆ ಹೋಳು ಉಜ್ಜಿ ಒರೆಸಿದ ಹಲಗೆಯನ್ನು ಕಿಟಕಿಯ ಬಳಿ ನಿಲ್ಲಿಸಿ ಒಣಗಿಸುತ್ತೇನೆ. ಬೆಳಿಗ್ಗೆ ಎದ್ದು ನೋಡಿದರೆ ಮರದಲ್ಲಿ ಇನ್ನೂ ಗುರೆಳ್ಳಿನ ವಾಸನೆ ಇರುತ್ತದೆ.