ಬಾಡಿಗೆ ಬೋರ್ಡಿನ ಓದು

ದಟ್ಟಗಳ್ಳಿಯ ಗೇಟುಗಳ ಮೇಲೆ ತೂಗುವ 'ಮನೆ ಬಾಡಿಗೆಗಿದೆ' ಬೋರ್ಡುಗಳನ್ನು ನಮ್ಮ ವಿಮರ್ಶಕರು ಓದಿದಂತಿಲ್ಲ. ಕೆಳಗಿನ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬುದು ಮೇಲ್ನೋಟಕ್ಕೆ ಅಡುಗೆಮನೆಯ ಮಾತು. ನಾನು ಮನೆ ಹುಡುಕುವಾಗ ಒಬ್ಬ ಮಾಲೀಕರು ಫೋನಿನಲ್ಲಿ ನನ್ನ ಕನ್ನಡ ಮೆಚ್ಚಿದರು, ಅಡ್ವಾನ್ಸ್ ಹೇಳಿದರು, ಕೊನೆಗೆ ಹೆಸರು ಕೇಳಿದರು. ತಕ್ಷಣ ಆ ಮನೆ ಅವರ ಅಳಿಯನಿಗೆ ಬೇಕಾಯಿತು. ಊಟದ ವಿಚಾರ ಬರಲೇ ಇಲ್ಲ. ಬೋರ್ಡು ಮಾತ್ರ ಎರಡು ತಿಂಗಳು ಅಲ್ಲೇ ಇತ್ತು.

ಹಳ್ಳಿಯಾಗಿದ್ದ ದಟ್ಟಗಳ್ಳಿಯ ಸುತ್ತ ಮುಡಾ ಬಡಾವಣೆ ಮಾಡಿತು. ನಗರ ಸುಧಾರಣೆಗೆಂದೇ 1903ರಲ್ಲಿ ಟ್ರಸ್ಟ್ ಬೋರ್ಡ್ ಕಂಡ ಊರು ಮೈಸೂರು. ಪ್ರಾಧಿಕಾರ ನಿವೇಶನ ಹಂಚಿದ್ದು ಎಷ್ಟು ಸಲ ಅರ್ಜಿ ಹಾಕಿದ್ದಾರೆ, ಯಾವ ಮೀಸಲಾತಿ ಎಂದು ನೋಡಿ. ತಟ್ಟೆ ನೋಡಿ ಅಲ್ಲ. ಹಾಗೆ ಬೆರೆತದ್ದನ್ನು ಮರುಮಾರಾಟಗಾರರು, ಬ್ರೋಕರುಗಳು, ಬಾಡಿಗೆ ಬೋರ್ಡುಗಳು ಅಕ್ಕಿಯಿಂದ ಕಲ್ಲು ಆರಿಸಿದಂತೆ ಬೇರ್ಪಡಿಸುತ್ತಾರೆ.

ನಮ್ಮವರೇನೂ ಕಮ್ಮಿಯಿಲ್ಲ. ಉದಯಗಿರಿ, ರಾಜೀವನಗರಗಳಲ್ಲಿ 'ನಮ್ಮವರ ನಡುವೆ ಇದ್ದುಬಿಡಿ, ಸಾಹೇಬ್ರೇ' ಎನ್ನುತ್ತಲೇ ಬಾಡಿಗೆ ಏರಿಸುವವರಿದ್ದಾರೆ. ನನಗೆ ಬೇರೆ ದಾರಿಯಿಲ್ಲವೆಂದು ಅವರಿಗೂ ಗೊತ್ತು.

ಒಂದು ಚಿಂತೆ ಕಥೆಗಾರನಾಗಿ ನನ್ನದು. ನಾನು ಕನ್ನಡ ಕಲಿತದ್ದು ಶಾಲೆಗಿಂತ ಹೆಚ್ಚಾಗಿ ಪಕ್ಕದ ಮನೆಯ ಜಗಲಿಯಲ್ಲಿ, ಹಪ್ಪಳ ಕಾಯುವ ನೆಪದಲ್ಲಿ. ನನ್ನ ಮಗಳಿಗೆ ಅಂಥ ಜಗಲಿಯೊಂದನ್ನು ಇನ್ನೂ ಹುಡುಕುತ್ತಿದ್ದೇನೆ.