ಸ್ಟುವರ್ಟನ ದಂಡಿನಲ್ಲಿ ಒಬ್ಬ ಪ್ರಷ್ಯನ್

ಹೇರೊಸ್ ಫಾನ್ ಬೋರ್ಕೆ ಎಂಬ ಪ್ರಷ್ಯನ್ ಅಧಿಕಾರಿಯ ಯುದ್ಧಸ್ಮರಣೆಯನ್ನು ಮೊದಲ ಸಲ ಓದಿದಾಗ ನನಗೆ ಇಪ್ಪತ್ತೆರಡು ವರ್ಷ. ಕಾಲೇಜಿನ ಲೈಬ್ರರಿಯಲ್ಲಿ, ಯಾರೂ ಮುಟ್ಟದ ಕಪಾಟಿನ ಮೂಲೆಯಲ್ಲಿ, ಅದರ ಎರಡು ಸಂಪುಟಗಳು ಧೂಳು ಹಿಡಿದು ಕೂತಿದ್ದವು. ರಜೆಯ ಹದಿನೈದು ದಿನ ಅದರಲ್ಲೇ ಮುಳುಗಿದ್ದೆ. ಊಟಕ್ಕೆ ಕರೆದರೂ ಏಳುವುದಿಲ್ಲವೆಂದು ಅಮ್ಮನಿಂದ ಬೈಸಿಕೊಂಡದ್ದು ನೆನಪಿದೆ. ಈಚೆಗೆ, ನೌಕರಿಯಿಂದ ನಿವೃತ್ತನಾದ ಮೇಲೆ, ಅದೇ ಪುಸ್ತಕದ ಮರುಮುದ್ರಣ ಕೈಗೆ ಸಿಕ್ಕಿತು. ಮತ್ತೆ ಓದಿದೆ. ಮೊದಲಿನ ಓದು ಒಂದು ಹೇಳುತ್ತದೆ, ಈಗಿನದು ಇನ್ನೊಂದು. ಎರಡೂ ನನ್ನವೇ ಆದ್ದರಿಂದ ತೀರ್ಪು ಕೊಡುವುದು ಸುಲಭವಲ್ಲ.

ಮೊದಲು ಆಸಾಮಿಯ ಪರಿಚಯ ಆಗಲಿ. ಫಾನ್ ಬೋರ್ಕೆ ಹುಟ್ಟಿದ್ದು 1835ರಲ್ಲಿ. ಬ್ರಾಂಡೆನ್‌ಬರ್ಗಿನ ಡ್ರಗೂನ್ ದಳದಲ್ಲಿ ಲೆಫ್ಟಿನೆಂಟ್ ಆಗಿದ್ದವನು ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿರುವುದನ್ನು ಕೇಳಿ, ಉತ್ತರದವರ ನೌಕಾದಿಗ್ಬಂಧನವನ್ನು ತಪ್ಪಿಸಿಕೊಂಡು, 1862ರ ಮೇ ಕೊನೆಗೆ ಚಾರ್ಲ್ಸ್‌ಟನ್ ಬಂದರಿನಲ್ಲಿ ಇಳಿದ. ಅಲ್ಲಿಂದ ರಿಚ್ಮಂಡಿಗೆ. ದಕ್ಷಿಣದವರ ಯುದ್ಧಮಂತ್ರಿಯಿಂದ ಒಂದು ಪತ್ರ ಹಿಡಿದು ಸೆವೆನ್ ಪೈನ್ಸ್ ರಣರಂಗದಲ್ಲೇ ಅಶ್ವದಳದ ನಾಯಕ ಜೆ. ಇ. ಬಿ. ಸ್ಟುವರ್ಟನನ್ನು ಕಂಡ. ಇವನಿಗೆ ಇಪ್ಪತ್ತಾರು, ಸ್ಟುವರ್ಟನಿಗೆ ಇಪ್ಪತ್ತೊಂಬತ್ತು. ಆರಡಿಗೂ ಮೀರಿದ ಎತ್ತರ, ಅದಕ್ಕೆ ತಕ್ಕ ಗಾತ್ರ, ಸೊಂಟದಲ್ಲಿ ಒಂದು ಭಾರಿ ನೇರ ಕತ್ತಿ. ಈ ದೈತ್ಯನನ್ನು ಹೊರಬಲ್ಲ ಕುದುರೆ ಹುಡುಕುವುದೇ ಆ ದಂಡಿಗೆ ಒಂದು ಸಮಸ್ಯೆಯಾಯಿತು. ಸ್ಟುವರ್ಟ್ ಅವನನ್ನು ‘ಫಾನ್’ ಎಂದಷ್ಟೇ ಕರೆಯುತ್ತಿದ್ದ.

ಒಂದು ವರ್ಷಕ್ಕೆ ತುಸು ಹೆಚ್ಚು ಕಾಲ ಇಬ್ಬರೂ ಒಟ್ಟಿಗೆ ಸವಾರಿ ಮಾಡಿದರು. 1863ರ ಜೂನ್ 19ರಂದು ಮಿಡಲ್‌ಬರ್ಗ್ ಬಳಿ ಒಂದು ಗುಂಡು ಫಾನ್ ಬೋರ್ಕೆಯ ಕುತ್ತಿಗೆಗೆ ಬಡಿದು ಶ್ವಾಸಕೋಶದಲ್ಲಿ ಕೂತಿತು. ವೈದ್ಯರು ಆಸೆ ಬಿಟ್ಟರು. ಆದರೂ ಬದುಕಿದ. ಮತ್ತೆ ರಣರಂಗಕ್ಕೆ ಇಳಿಯುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ 1864ರ ಕೊನೆಗೆ ದಕ್ಷಿಣದ ಸರ್ಕಾರ ಅವನನ್ನು ಇಂಗ್ಲೆಂಡಿಗೆ ಕಳಿಸಿತು. ಅವನು ಅಲ್ಲಿರುವಾಗಲೇ ಆ ಸರ್ಕಾರ ಇಲ್ಲವಾಯಿತು. ಸೋತ ಸರ್ಕಾರದ ದೂತ ಮಾಡುವುದೇನು? ಕೂತು ನೆನಪು ಬರೆದ. ಎಡಿನ್‌ಬರೋದ ‘ಬ್ಲ್ಯಾಕ್‌ವುಡ್ಸ್’ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1866ರಲ್ಲಿ ಎರಡು ಸಂಪುಟಗಳ ಪುಸ್ತಕವಾಯಿತು. ಹೆಸರು ‘ಮೆಮ್ವಾರ್ಸ್ ಆಫ್ ದ ಕಾನ್ಫೆಡರೇಟ್ ವಾರ್ ಫಾರ್ ಇಂಡಿಪೆಂಡೆನ್ಸ್’.

ಹೆಸರನ್ನು ಗಮನಿಸಬೇಕು. ‘ಸ್ವಾತಂತ್ರ್ಯ ಸಮರ’ವಂತೆ! ನಮ್ಮ 1857ರ ಹೋರಾಟ ಸಿಪಾಯಿ ದಂಗೆಯೋ ಸ್ವಾತಂತ್ರ್ಯ ಸಂಗ್ರಾಮವೋ ಎಂದು ಜಗಳವಾಡಿ ಬೆಳೆದ ನಮಗೆ ಹೆಸರಿನ ಮಹಿಮೆ ಗೊತ್ತು. ಇಪ್ಪತ್ತೆರಡರ ಹುಡುಗನಾದ ನಾನು ಮಾತ್ರ ಮುಖಪುಟ ನೋಡದೆ ನೇರವಾಗಿ ಕುದುರೆ ಏರಿಬಿಟ್ಟಿದ್ದೆ. 1860ರ ಜನಗಣತಿಯ ಪ್ರಕಾರ ಆ ನಾಡಿನಲ್ಲಿ ಸುಮಾರು ನಲವತ್ತು ಲಕ್ಷ ಗುಲಾಮರಿದ್ದರು. ಅವರನ್ನು ಗುಲಾಮರಾಗಿಯೇ ಇಟ್ಟುಕೊಳ್ಳುವ ಸ್ವಾತಂತ್ರ್ಯಕ್ಕಾಗಿ ನಡೆದ ಸಮರ ಅದು.

ಈ ಪುಸ್ತಕದ ಸೊಗಸನ್ನು ಅಲ್ಲಗಳೆಯುವಂತಿಲ್ಲ. ಅದು ಸವಾರನ ಪುಸ್ತಕ. ದಕ್ಷಿಣದ ಅಶ್ವದಳದಲ್ಲಿ ಪ್ರತಿ ರಾವುತನೂ ತನ್ನ ಕುದುರೆಯನ್ನು ತಾನೇ ತರಬೇಕಿತ್ತು. ಸರ್ಕಾರ ದಿನಕ್ಕೆ ನಲವತ್ತು ಸೆಂಟ್ ಬಾಡಿಗೆ ಕೊಡುತ್ತಿತ್ತು. ಕಾಳಗದಲ್ಲಿ ಕುದುರೆ ಸತ್ತರೆ ಬೆಲೆ ಕಟ್ಟಿಕೊಡುತ್ತಿತ್ತು. ರೋಗದಿಂದಲೋ ದಣಿವಿನಿಂದಲೋ ಸತ್ತರೆ ನಷ್ಟ ಸವಾರನದು, ಬೇರೆ ಕುದುರೆ ತರಲು ರಜೆ ಹಾಕಿ ಮನೆಗೆ ಹೋಗಬೇಕು. ಹೀಗಾಗಿ ಒಂದೊಂದು ಕುದುರೆ ಬಿದ್ದಾಗಲೂ ಒಬ್ಬೊಬ್ಬ ಸೈನಿಕ ಕಡಿಮೆಯಾಗುತ್ತಿದ್ದ. 1862ರ ನವೆಂಬರಿನಲ್ಲಿ ನಾಲಗೆ ಹುಣ್ಣು ಮತ್ತು ಗೊರಸಿನ ರೋಗ ಹಬ್ಬಿದಾಗ ಶತ್ರುವಿನ ಬಂದೂಕಿಗಿಂತ ಅದೇ ಹೆಚ್ಚು ಹಾನಿ ಮಾಡಿತು. ದೊಡ್ಡ ಕಾಳಗಗಳ ಬಗ್ಗೆ ಫಾನ್ ಬೋರ್ಕೆ ಹೇಳುವುದನ್ನು ಇತಿಹಾಸಕಾರರು ಬೇರೆ ಸಾಕ್ಷ್ಯಗಳ ಪಕ್ಕದಲ್ಲಿಟ್ಟೇ ನಂಬುತ್ತಾರೆ. ತನ್ನ ಸಾಹಸಕ್ಕೆ ತುಸು ಉಪ್ಪುಖಾರ ಹಚ್ಚುವ ಚಪಲ ಅವನಿಗಿತ್ತು. ಕುದುರೆಯ ವಿಷಯಕ್ಕೆ ಬಂದರೆ ಆ ಚಪಲ ಅಡಗುತ್ತದೆ. ಅಲ್ಲಿ ಅವನು ಪಕ್ಕಾ ಕಸುಬುದಾರ.

ಕತ್ತಿಯ ಮೇಲಿನ ಅವನ ಮೋಹವೂ ಹಾಗೆಯೇ ಸ್ವಾರಸ್ಯದ್ದು. ಆ ಯುದ್ಧದಲ್ಲಿ ಅಶ್ವದಳದ ಕೆಲಸವೇ ಬದಲಾಗುತ್ತಿತ್ತು. ಸವಾರರು ಕುದುರೆಯಿಂದ ಇಳಿದು, ನಾಲ್ವರಲ್ಲಿ ಒಬ್ಬನ ಕೈಗೆ ಲಗಾಮುಗಳನ್ನು ಕೊಟ್ಟು, ಉಳಿದವರು ಕಾಲಾಳುಗಳ ಹಾಗೆ ಬೇಲಿಯ ಮರೆಯಿಂದ ಗುಂಡು ಹಾರಿಸುತ್ತಿದ್ದರು. ಯೂರೋಪಿನ ಕವಾಯತಿನಲ್ಲಿ ಪಳಗಿದ ಈತನಿಗೆ ಕತ್ತಿ ಹಿರಿದು ನುಗ್ಗುವುದೇ ಸವಾರನ ಧರ್ಮ. 1863ರ ಜೂನ್ 9ರ ಬ್ರ್ಯಾಂಡಿ ಸ್ಟೇಷನ್ ಕಾಳಗ ಅವನಿಗೆ ಅಷ್ಟು ಪ್ರಿಯವಾದದ್ದು ಅದಕ್ಕೇ. ಎರಡೂ ಕಡೆ ಸೇರಿ ಸುಮಾರು ಇಪ್ಪತ್ತು ಸಾವಿರ ಜನ, ಬಹುಪಾಲು ಸವಾರರು, ದಿನವಿಡೀ ನುಗ್ಗಾಟ. ಮೂವತ್ತು ವರ್ಷದ ಮೇಲೆ, 1893ರಲ್ಲಿ, ಯುಸ್ಟುಸ್ ಶೈಬರ್ಟ್ ಎಂಬ ಇನ್ನೊಬ್ಬ ಪ್ರಷ್ಯನ್ ಅಧಿಕಾರಿಯ ಜೊತೆ ಅದರ ಮೇಲೆಯೇ ಜರ್ಮನ್ ಭಾಷೆಯಲ್ಲಿ ಒಂದು ಪುಸ್ತಕ ಬರೆದ. ಆ ದಿನ ಬೆಳಗ್ಗೆ ಸ್ಟುವರ್ಟ್ ಮೈಮರೆತು ಸಿಕ್ಕಿಬಿದ್ದಿದ್ದ ಎಂಬುದನ್ನು ಉಳಿದವರಿಂದ ತಿಳಿಯುವುದೇ ವಾಸಿ.

ಇಷ್ಟಾದರೂ ನನ್ನನ್ನು ಹುಡುಗುತನದಲ್ಲಿ ಹಿಡಿದಿಟ್ಟದ್ದು ಕಾಳಗವಲ್ಲ, ಕುಣಿತ. 1862ರ ಸೆಪ್ಟೆಂಬರ್ 8. ಲೀ ಸೇನಾಪತಿಯ ಸೈನ್ಯ ಮೇರಿಲ್ಯಾಂಡಿಗೆ ನುಗ್ಗಿದೆ. ಅರ್ಬಾನಾ ಎಂಬ ಹಳ್ಳಿಯ ಖಾಲಿ ಬಿದ್ದ ಹುಡುಗಿಯರ ಶಾಲೆಯಲ್ಲಿ ಸ್ಟುವರ್ಟ್ ಒಂದು ನೃತ್ಯಕೂಟ ಏರ್ಪಡಿಸುತ್ತಾನೆ; ಅಲಂಕಾರದ ಜವಾಬ್ದಾರಿ ನಮ್ಮ ಫಾನ್ ಬೋರ್ಕೆಯದು. ಗೋಡೆಗೆ ದಳಗಳ ಬಾವುಟ, ಹೂವು, ಬ್ಯಾಂಡು. ಕುಣಿತ ರಂಗೇರುತ್ತಿದ್ದಂತೆ ಶತ್ರು ಬಂದನೆಂಬ ಸುದ್ದಿ. ಅಧಿಕಾರಿಗಳು ಕತ್ತಿ ಕಟ್ಟಿ ಕತ್ತಲಲ್ಲಿ ಓಡುತ್ತಾರೆ, ಶತ್ರುವನ್ನು ಅಟ್ಟಿ ಮಧ್ಯರಾತ್ರಿ ಕಳೆದು ಮರಳುತ್ತಾರೆ, ಕುಣಿತ ಮುಂದುವರಿಯುತ್ತದೆ. ಅಷ್ಟರಲ್ಲಿ ಗಾಯಾಳುಗಳನ್ನು ಹೊತ್ತು ತರುತ್ತಾರೆ. ಕುಣಿಯುತ್ತಿದ್ದ ಹೆಣ್ಣುಮಕ್ಕಳು ಅದೇ ಬಟ್ಟೆಯಲ್ಲಿ ಗಾಯ ತೊಳೆಯಲು ಕೂರುತ್ತಾರೆ. ಒಂಬತ್ತು ದಿನಕ್ಕೆ ಆ್ಯಂಟಿಟಮ್. ಒಂದೇ ಹಗಲಿನಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು ಇಪ್ಪತ್ಮೂರು ಸಾವಿರ.

ಇದಕ್ಕೆ ಮನಸೋಲದವನು ಇಪ್ಪತ್ತೆರಡು ವರ್ಷದವನೇ ಅಲ್ಲ ಎಂದು ಈಗಲೂ ವಾದಿಸಬಲ್ಲೆ.

ಆ್ಯಂಟಿಟಮ್ ಆದ ಮೇಲೆ ಸ್ಟುವರ್ಟನ ಪಾಳೆಯ ವರ್ಜೀನಿಯದ ‘ದ ಬೋವರ್’ ಎಂಬ ಜಮೀನ್ದಾರಿ ಮನೆಯ ಅಂಗಳದಲ್ಲಿ ಒಂದು ತಿಂಗಳು ಬೀಡುಬಿಟ್ಟಿತು. ಡ್ಯಾಂಡ್ರಿಜ್ ಎಂಬ ಮನೆತನದ ಆಸ್ತಿ. ಪುಸ್ತಕದ ಅತ್ಯಂತ ಸುಖದ ಪುಟಗಳು ಇವು. ಔತಣ, ಬೇಟೆ, ಸಂಗೀತ, ಪ್ರಹಸನ. ಈ ದೈತ್ಯ ಹೆಣ್ಣುವೇಷ ಕಟ್ಟಿ ಎಲ್ಲರನ್ನೂ ನಗಿಸಿದ್ದೂ ಇಲ್ಲೇ. ಕಳೆದ ವರ್ಷ ಒಂದು ಸಂಜೆ ಈ ಭಾಗವನ್ನು ನನ್ನ ಹೆಂಡತಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಹುರುಳಿ ಆರಿಸುತ್ತಾ ಕೇಳುತ್ತಿದ್ದವಳು ನಡುವೆ ಕೇಳಿದಳು: “ಅಲ್ರೀ, ಇಷ್ಟು ಜನಕ್ಕೆ ತಿಂಗಳುಗಟ್ಟಲೆ ಅಡಿಗೆ ಮಾಡಿ ಹಾಕಿದೋರು ಯಾರು? ಅದನ್ನೇನೂ ಬರೆದಿಲ್ವಾ ನಿಮ್ಮ ಜರ್ಮನಿಯೋನು?”

ನಾನು ಪುಟ ತಿರುವಿದೆ. ಉಂಡವರ ಹೆಸರುಗಳು ಸಿಕ್ಕವು. ಕುಣಿದವರು, ಹಾಡಿದವರು, ಯಾವ ಹುಡುಗಿಯ ಕಣ್ಣು ಎಂಥದು ಎಂಬುದೂ ಸಿಕ್ಕಿತು. ಕರಿಯರು ಇಲ್ಲವೆಂದಲ್ಲ, ಪುಟಪುಟದಲ್ಲೂ ಇದ್ದಾರೆ. ಕುದುರೆ ಹಿಡಿಯಲು, ನಗಿಸಲು, ಹೆದರಿ ಓಡಲು ಇದ್ದಾರೆ. ನಮ್ಮ ಹಳೆಯ ಕಂಪನಿ ನಾಟಕಗಳಲ್ಲಿ ಆಳುಮಗ ಬಂದು ಹೋಗುವ ಹಾಗೆ.

ಇದೇ ಹೊತ್ತಿಗೆ, 1862ರ ಸೆಪ್ಟೆಂಬರ್ 22ರಂದು, ಲಿಂಕನ್ ಗುಲಾಮರ ಬಿಡುಗಡೆಯ ಮೊದಲ ಘೋಷಣೆ ಹೊರಡಿಸಿದ್ದ; ಮುಂದಿನ ಜನವರಿ 1ರಿಂದ ಅದು ಜಾರಿಗೆ ಬರಲಿತ್ತು. ಬೋವರ್ ಮನೆಯ ಅಡಿಗೆ ಕೋಣೆಯಲ್ಲಿ ಆ ಸುದ್ದಿ ಯಾವ ದನಿಯಲ್ಲಿ ಹರಿದಾಡಿತೋ! ಅಂಗಳದಲ್ಲಿ ಡೇರೆ ಹಾಕಿದ್ದ ಮನುಷ್ಯ ಅತ್ತ ಕಿವಿಗೊಡಲಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ವರ್ಜೀನಿಯದಲ್ಲಿ ಹುಟ್ಟಿದವನು ಬರೆಯುವ ನೆನಪಿನಲ್ಲಿ ಈ ಕುರುಡು ಸಹಜ. ಕಣ್ಣು ಬಿಟ್ಟಾಗಿನಿಂದ ಅದನ್ನೇ ನೋಡಿದವನು. ಫಾನ್ ಬೋರ್ಕೆ ಪರದೇಶಿ. ಅವನ ಊರಿನಲ್ಲಿ ಮನುಷ್ಯರನ್ನು ಹರಾಜು ಹಾಕುತ್ತಿರಲಿಲ್ಲ. ಹೊರಗಿನವನಿಗೆ ಮೊದಲ ದಿನ ಕಣ್ಣಿಗೆ ರಾಚಬೇಕಾದದ್ದು ಇವನಿಗೆ ರಾಚಲಿಲ್ಲ ಏಕೆ? ಓದುಗರ ಒಲವು ಒಂದು ಕಾರಣ ಇರಬಹುದು. ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆ ದಕ್ಷಿಣದ ಪರವಾಗಿತ್ತು; ಇಂಗ್ಲೆಂಡಿನ ದೊಡ್ಡ ಮನೆಗಳ ಓದುಗರಿಗೆ ವರ್ಜೀನಿಯದ ದೊಡ್ಡ ಮನೆಗಳ ಕಥೆ ರುಚಿಸುತ್ತಿತ್ತು. ಆದರೆ ಅಷ್ಟರಿಂದಲೇ ಉತ್ತರ ಮುಗಿಯುವುದಿಲ್ಲ. ಪುಸ್ತಕವನ್ನು ಎರಡನೆಯ ಸಲ ಓದಿದ ಮೇಲೆ ನನಗೆ ಕಾಣುವ ಕಾರಣ ಬೇರೆ. ಅವನು ಒಬ್ಬ ಮನುಷ್ಯನನ್ನು ಅತಿಯಾಗಿ ಪ್ರೀತಿಸಿಬಿಟ್ಟಿದ್ದ.

ಇದು ಸ್ಟುವರ್ಟನಿಗಾಗಿ ಬರೆದ ಶೋಕದ ಪುಸ್ತಕ. ಗುಂಡು ತಗುಲಿ ಬಿದ್ದ ಮೇಲೆ ಕಥೆ ನಿಂತೇ ಹೋಗುತ್ತದೆ. ಎರಡು ವಾರದಲ್ಲಿ ನಡೆದ ಗೆಟಿಸ್‌ಬರ್ಗ್ ಕಾಳಗದಲ್ಲಿ ಅವನಿಲ್ಲ, ಪುಸ್ತಕಕ್ಕೂ ಅದು ಬೇಕಾಗಿಲ್ಲ. ಮುಂದೆ ಒಂದೇ ಒಂದು ದೊಡ್ಡ ಪ್ರಸಂಗ. 1864ರ ಮೇ 11ರಂದು ಯೆಲ್ಲೊ ಟ್ಯಾವರ್ನ್ ಬಳಿ ಸ್ಟುವರ್ಟನಿಗೆ ಗುಂಡೇಟು, ಮರುದಿನ ರಿಚ್ಮಂಡಿನಲ್ಲಿ ಸಾವು. ಆ ಹಾಸಿಗೆಯ ಪಕ್ಕ ಸ್ನೇಹಿತನ ಕೈ ಹಿಡಿದು ಕೂತಿದ್ದೆನೆಂದು ಬರೆಯುತ್ತಾನೆ. ಅಲ್ಲಿ ಅವನ ವಾಕ್ಯಗಳು ಗಿಡ್ಡವಾಗುತ್ತವೆ, ಜಂಭ ಹೋಗುತ್ತದೆ. ಅದಕ್ಕೂ ಮೊದಲು, 1863ರ ಮಾರ್ಚಿನಲ್ಲಿ, ತರುಣ ಫಿರಂಗಿ ಅಧಿಕಾರಿ ಜಾನ್ ಪೆಲ್ಹಮ್ ಕೆಲ್ಲೀಸ್ ಫೋರ್ಡಿನಲ್ಲಿ ಸತ್ತಾಗಲೂ ಹೀಗೆಯೇ. ಕಬ್ಬಿಣದ ಶವಪೆಟ್ಟಿಗೆಯ ಮುಚ್ಚಳದಲ್ಲಿ, ಮುಖ ಕಾಣುವ ಹಾಗೆ, ಗಾಜಿನ ಒಂದು ಕಿಂಡಿ ಕೂರಿಸಿದ್ದನ್ನು ಹೇಳುತ್ತಾನೆ. ಯಾವ ಅತಿಶಯೋಕ್ತಿಯೂ ಇಲ್ಲ. ಎರಡನೆಯ ಓದಿನಲ್ಲೂ ನನ್ನ ಗಂಟಲು ಕಟ್ಟಿತು, ಒಪ್ಪಿಕೊಳ್ಳುತ್ತೇನೆ.

ಹೀಗೆ ಪ್ರೀತಿಸಬಲ್ಲವನು ಉಳಿದವರನ್ನು ಕಾಣದೆ ಹೋದದ್ದನ್ನು ಕ್ಷಮಿಸುವುದೋ ಬಿಡುವುದೋ ನನಗೆ ತಿಳಿಯದು. ಕೆಟ್ಟವನು ಬರೆದ ಪುಸ್ತಕವಾಗಿದ್ದರೆ ತಲೆನೋವಿರಲಿಲ್ಲ. ‘ಗಾನ್ ವಿತ್ ದ ವಿಂಡ್’ ಸಿನಿಮಾದಲ್ಲಿ ಈ ದಕ್ಷಿಣವನ್ನು ಕನಸಿನ ನಾಡಾಗಿ ತೋರಿಸಿದ್ದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಅಲ್ಲಿ ಕನಸು ಮಾರಾಟಕ್ಕಿದೆ. ಇಲ್ಲಿ ಶ್ವಾಸಕೋಶದಲ್ಲಿ ಗುಂಡು ಇಟ್ಟುಕೊಂಡು ಒಬ್ಬ ಮೂವತ್ತರ ಮನುಷ್ಯ ಬರೆಯುತ್ತಿದ್ದಾನೆ. ಆ ಗಾಯವನ್ನು ಹೊತ್ತುಕೊಂಡೇ 1866ರಲ್ಲಿ ಆಸ್ಟ್ರಿಯದ ಮೇಲಿನ ಯುದ್ಧಕ್ಕೂ ಹೋದ. 1884ರಲ್ಲಿ ಹಳೆಯ ಗೆಳೆಯರನ್ನು ನೋಡಲು ಅಮೆರಿಕಕ್ಕೆ ಹೋಗಿಬಂದ. 1895ರಲ್ಲಿ ಬರ್ಲಿನ್ನಿನಲ್ಲಿ ಸತ್ತಾಗ ಆ ಹಳೆಯ ಗಾಯವೇ ಕಾರಣವೆಂದರು.

ಹೆಂಡತಿಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬೋವರ್ ಪುಟಗಳನ್ನು ಮೂರನೆಯ ಸಲ ಓದಿದೆ. ರಾತ್ರಿ ಡೇರೆಗಳ ನಡುವೆ ಬೆಂಕಿ. ಸ್ಯಾಮ್ ಸ್ವೀನಿ ಬಾಂಜೊ ನುಡಿಸುತ್ತಾನೆ. ಬಾಂಜೊ ಆಫ್ರಿಕದಿಂದ ಬಂದ ಗುಲಾಮರ ವಾದ್ಯ; ಸ್ವೀನಿಯ ಅಣ್ಣ ಜೋಯೆಲ್ ಅದನ್ನು ಕರಿಯರಿಂದಲೇ ಕಲಿತು ಬಿಳಿಯರ ರಂಗಮಂಚಕ್ಕೆ ತಂದವನು. ಸ್ವೀನಿಯ ಪಕ್ಕದಲ್ಲಿ ಕೂತು ಎಲುಬಿನ ಚಿಟಿಕೆ ಹಾಕುವವನು ಸ್ಟುವರ್ಟನ ಆಳು, ಮಿಶ್ರವರ್ಣದ ಬಾಬ್. ಅವನ ಕೈ ಎಷ್ಟು ಚುರುಕು ಎಂದು ಫಾನ್ ಬೋರ್ಕೆ ಬೆರಗಾಗಿ ಬರೆಯುತ್ತಾನೆ. ಕೈ ಕಂಡಿದೆ ಅವನಿಗೆ. ಕುದುರೆಯನ್ನು ನೋಡಿ ಬರೆಯುವಾಗಿನ ಅದೇ ಕಣ್ಣು. ಬಾಬನ ಮನೆತನದ ಹೆಸರಾಗಲಿ ಅವನ ವಯಸ್ಸಾಗಲಿ ಅಲ್ಲಿಲ್ಲ. ಆ ಪುಟಕ್ಕೆ ಗುರುತು ಇಟ್ಟು ಪುಸ್ತಕವನ್ನು ಹೆಂಡತಿಗೆ ತೋರಿಸಿದೆ. “ಅಡಿಗೆಯವರು?” ಎಂದಳು. ಇನ್ನೂ ಸಿಕ್ಕಿಲ್ಲ ಎಂದೆ.