ಬಲಿಯಾದ ಸೊಸೆ: ಒಂದು ಪಾತ್ರಮಾದರಿಯ ವಿಚಾರ

ಸಾಹಿತ್ಯದ ಪಾತ್ರಗಳನ್ನು ಮಾದರಿಗಳಾಗಿ ವಿಂಗಡಿಸುವ ಪದ್ಧತಿ ನಮ್ಮ ತರಗತಿಗಳಲ್ಲಿ ನೆಲೆಯೂರಿದೆ. ಪತಿವ್ರತೆ, ವಿದೂಷಕ, ಮಲತಾಯಿ, ತ್ಯಾಗಮಯಿ ಮೊದಲಾದ ಹೆಸರುಗಳು ವಿದ್ಯಾರ್ಥಿಯ ನಾಲಗೆಯ ತುದಿಯಲ್ಲಿಯೇ ಇರುತ್ತವೆ. ಮಾದರಿಯನ್ನು ಗುರುತಿಸುವುದು ಅವಶ್ಯಕವೇ ಸರಿ. ಗುರುತಿಸಿದೊಡನೆ ವಿಚಾರವು ಮುಗಿಯಿತೆಂದು ತಿಳಿಯುವುದು ಮಾತ್ರ ಅಪಾಯಕರ. ಬೆಂಗಳೂರಿನ ಎರಡು ಐತಿಹ್ಯಗಳಿಂದ ಈ ಮಾತನ್ನು ಪರಿಶೀಲಿಸಬಹುದು.

ಮೊದಲನೆಯದು ಹಲಸೂರಿನ ಸೋಮೇಶ್ವರ ದೇವಾಲಯದ್ದು. ಬೇಟೆಗೆ ಬಂದ ನಾಡಪ್ರಭುವು ದಣಿದು ಮರದಡಿ ನಿದ್ರಿಸುತ್ತಾನೆ, ಕನಸಿನಲ್ಲಿ ಆದೇಶವಾಗುತ್ತದೆ, ನೆಲದಲ್ಲಿ ಹುದುಗಿದ್ದುದು ಹೊರಬಂದು ಗುಡಿಯೇಳುತ್ತದೆ. ಈ ಪ್ರಭು ಯಲಹಂಕದ ಜಯಪ್ಪಗೌಡನೆಂದು ಕೆಲವರೂ ಕೆಂಪೇಗೌಡನೆಂದು ಕೆಲವರೂ ಹೇಳುತ್ತಾರೆ. ನಾಯಕನು ಬದಲಾದರೂ ಕಥೆ ಬದಲಾಗದು. ಇಲ್ಲಿ ಮಾತನಾಡುತ್ತಿರುವುದು ವ್ಯಕ್ತಿಯಲ್ಲ, ‘ಸ್ಥಾಪಕ’ನೆಂಬ ಮಾದರಿ. ಇಂತಹ ಕಥೆಯಿಂದ ಕಾಲನಿರ್ಣಯ ಮಾಡಹೊರಡುವುದು ಸಲ್ಲದು.

ಎರಡನೆಯದು ಹೆಚ್ಚು ತೊಡಕಿನದು. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆನ್ನುವ ಕೋಟೆಯ ಬಾಗಿಲು ಕಟ್ಟಿದಂತೆಲ್ಲ ಬೀಳತೊಡಗಿತು, ಗರ್ಭಿಣಿಯ ಬಲಿ ಬೇಕೆಂದಾಯಿತು, ಪ್ರಭುವು ಒಪ್ಪಲಿಲ್ಲ, ಸೊಸೆ ಲಕ್ಷ್ಮಮ್ಮ ಯಾರಿಗೂ ತಿಳಿಸದೆ ಇರುಳಿನಲ್ಲಿ ಹೋಗಿ ತನ್ನ ತಲೆಯನ್ನೊಪ್ಪಿಸಿದಳು. ಕೋರಮಂಗಲದಲ್ಲಿ ಅವಳ ಸ್ಮಾರಕವಿದೆ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತದ ಭಾಗೀರಥಿ ಇವಳ ಒಡಹುಟ್ಟು. ಸರ್ಬಿಯದ ಸ್ಕದರ್ ಕೋಟೆಯ ಹಾಡು, ಗ್ರೀಸಿನ ಆರ್ತಾ ಸೇತುವೆಯ ಹಾಡು, ರುಮಾನಿಯದ ಶಿಲ್ಪಿ ಮನೋಲೆಯ ಕಥೆ, ಇವೆಲ್ಲವುಗಳಲ್ಲಿಯೂ ಕಟ್ಟಡ ನಿಲ್ಲಲೆಂದು ಮನೆಯ ಹೆಣ್ಣೊಬ್ಬಳು ಬಲಿಯಾಗುತ್ತಾಳೆ.

ಇಷ್ಟನ್ನು ಕಂಡು ‘ತ್ಯಾಗಮಯಿ’ ಎಂದು ಬರೆದು ಮುಗಿಸುವ ವಿದ್ಯಾರ್ಥಿಗೆ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕು: ಬಲಿಯನ್ನು ನಿಶ್ಚಯಿಸಿದವರು ಯಾರು? ಅದು ಯಾರಿಗೆ ತಿಳಿದಿತ್ತು? ಅದಕ್ಕೆ ಉತ್ತರ ಕೊಟ್ಟವರು ಯಾರು? ಸ್ಕದರಿನ ಹಾಡಿನಲ್ಲಿ ಹೆಂಡತಿಯರಿಗೆ ತಿಳಿಸಕೂಡದೆಂದು ಮೂವರು ಸೋದರರು ಮಾತು ಕೊಟ್ಟಿರುತ್ತಾರೆ. ಹಿರಿಯರಿಬ್ಬರು ಮಾತಿಗೆ ತಪ್ಪುತ್ತಾರೆ. ಏನೂ ಅರಿಯದ ಕಿರಿಯ ಸೊಸೆ ಊಟವನ್ನು ಹೊತ್ತು ಬರುತ್ತಾಳೆ. ಭಾಗೀರಥಿಯನ್ನು ಆರಿಸಿದವರು ಮನೆಯ ಹಿರಿಯರು. ಅವಳಿಗೆ ಸಂಗತಿ ತಿಳಿದಿದೆ. ತವರಿನಲ್ಲಿ ಹೆತ್ತವರೊಡನೆ ಬಾಯಿಬಿಡದೆ ಹಿಂದಿರುಗುತ್ತಾಳೆ. ದಂಡಿನಿಂದ ಬಂದ ಗಂಡ ಅದೇ ಕೆರೆಗೆ ಹಾರುತ್ತಾನೆ. ಊರಿಗೆ ನೀರು ತಂದ ಮಾವನ ಪುಣ್ಯಕಾರ್ಯದ ಮೇಲೆ ಹಾಡು ಕೊಡುವ ತೀರ್ಪು ಆ ಹಾರುವಿಕೆಯೇ.

ಬೆಂಗಳೂರಿನ ಕಥೆಯಲ್ಲಿ ಇಂತಹ ತೀರ್ಪಿಲ್ಲ. ಆಜ್ಞೆಯಿತ್ತವರಿಲ್ಲ, ಆರಿಸಿದವರಿಲ್ಲ, ಸೊಸೆಯ ಸ್ವಂತ ಸಂಕಲ್ಪವೊಂದೇ ಉಂಟು. ಆದುದರಿಂದ ಅಪರಾಧಿಯೂ ಇಲ್ಲ. ಕೋಟೆ ನಿಂತಿತು, ಪ್ರಭುವಿನ ಕೈ ಶುದ್ಧವಾಗಿಯೇ ಉಳಿಯಿತು. ಹಾಡು ನೊಂದವರ ಕಡೆ ನಿಂತರೆ, ಈ ಐತಿಹ್ಯವು ಕಟ್ಟಿದವರ ಕಡೆ ನಿಂತಿದೆ. ಲಕ್ಷ್ಮಮ್ಮನ ಧೈರ್ಯವನ್ನು ಇದರಿಂದ ಕಿರಿದುಗೊಳಿಸಬೇಕಾಗಿಲ್ಲ. ಆ ಧೈರ್ಯದ ಹೊಗಳಿಕೆಯಿಂದ ಯಾರ ಹೊಣೆ ಇಳಿಯಿತೆಂಬುದನ್ನು ಮಾತ್ರ ಗಮನಿಸಬೇಕು.

ಮಾದರಿಗೆ ಹೊಂದುತ್ತದೆಂಬ ಕಾರಣಕ್ಕೆ ಘಟನೆ ಸುಳ್ಳಾಗುವುದಿಲ್ಲ; ಸ್ಮಾರಕವಿದೆಯೆಂಬ ಕಾರಣಕ್ಕೆ ನಿಜವೂ ಆಗುವುದಿಲ್ಲ. ಆ ನಿರ್ಣಯಕ್ಕೆ ಬೇರೆ ಸಾಕ್ಷ್ಯ ಬೇಕು. ಆದರೆ ಕಥೆ ಯಾರ ಪರವಾಗಿ ಹೇಳಲ್ಪಟ್ಟಿತೆಂಬುದಕ್ಕೆ ಕಥೆಯೇ ಸಾಕ್ಷ್ಯ. ಅದು ದೊರೆಯುವುದು ಮಾದರಿಯ ಸಾಮ್ಯದಲ್ಲಲ್ಲ, ಪಾತ್ರವು ಮಾದರಿಯಿಂದ ಸರಿದು ನಿಲ್ಲುವ ಎಡೆಯಲ್ಲಿ. ಸಾಹಿತ್ಯದ ವಿದ್ಯಾರ್ಥಿಯೂ ಇತಿಹಾಸದ ವಿದ್ಯಾರ್ಥಿಯೂ ಕೂಡಿ ಕೆಲಸ ಮಾಡಬೇಕಾದುದು ಆ ಎಡೆಯಲ್ಲಿಯೇ.